ಅಡಿಪಟ್ಟಿಯ ಕೆಳಗಿನ ಹೆಸರು

ಅಡಿಪಟ್ಟಿ ಇವತ್ತು ಹೆಸರಿನ ಮೇಲೆ ಸರಿಯಾಗಿ ಕೂರುತ್ತಿಲ್ಲ ಎಂದು ಬುರುಲ್‌ಗೆ ಮೂರನೆಯ ಕೇಸ್ ಶೀಟಿನಲ್ಲೇ ಅನಿಸಿತು. ಅದು ಎಂದಿನ ಹಾಗೆಯೇ ಕೂರುತ್ತಿತ್ತು; ಅವಳ ಕಣ್ಣು ಮಾತ್ರ ಮತ್ತೆ ಮತ್ತೆ ಮೇಜಿನ ಖಾನೆಯ ಕಡೆಗೆ ಹೋಗುತ್ತಿತ್ತು. ಹತ್ತೊಂಬತ್ತು ವರ್ಷದಿಂದ ಈ ಆಸ್ಪತ್ರೆಯ ಅಂಕಿಅಂಶದ ಕೋಣೆಯಲ್ಲಿ ಕೂತು ಅವಳು ಬಿಡುಗಡೆಯಾಗುವ ರೋಗಿಗಳ ಕಾಗದಗಳನ್ನು ಹೀಗೇ ಓದುತ್ತ ಬಂದಿದ್ದಾಳೆ. ಮೊದಲು ಮರದ ಅಡಿಪಟ್ಟಿಯನ್ನು ಹೆಸರು, ಊರು, ವಯಸ್ಸು ಇರುವ ಸಾಲಿನ ಮೇಲೆ ಅಡ್ಡ ಇಡುವುದು. ಆಮೇಲೆ ಕೆಳಗಿರುವುದನ್ನು ಓದಿ, ರೋಗಕ್ಕೆ ತಕ್ಕ ಕೋಡ್ ಬರೆಯುವುದು. ಅಕ್-ಕೆಚೂ ಎಂಥ ಮಹಾ ಊರು, ಹೊಳೆಯ ಈಚೆ ನಾಲ್ಕು ಬೀದಿ, ಆಚೆ ಮೂರು. ಹೆಸರು ಕಂಡರೆ ಮುಖ ಕಾಣುತ್ತದೆ, ಮುಖ ಕಂಡರೆ ಆ ಮನೆಯ ಮದುವೆಯಲ್ಲಿ ತಿಂದ ಮಾಂಸ ನೆನಪಾಗುತ್ತದೆ, ಆಮೇಲೆ ಬರೆಯುವ ಕೈ ಎಲ್ಲಿ ನೆಟ್ಟಗಿದ್ದೀತು ಎಂದು ಈ ಅಡಿಪಟ್ಟಿಯನ್ನು ಅವಳಿಗೆ ಕೊಟ್ಟ ಜಿಯ್ನತ್ ಎಜೆ ಹೇಳಿದ್ದರು. ಅವಳಿಗಿಂತ ಮೊದಲು ಇದೇ ಕುರ್ಚಿಯಲ್ಲಿ ಮೂವತ್ತು ವರ್ಷ ಕೂತವರು. ಊರಿಗೆಲ್ಲ ಎಜೆ, ಅಕ್ಕ. ನಿವೃತ್ತಿಯ ದಿನ ಎಲ್ಲರೂ ಶಾಲು ಹೊದಿಸಿದರೆ ಅವರು ಈ ಪಟ್ಟಿಯನ್ನು ಬುರುಲ್‌ಳ ಕೈಗಿಟ್ಟು, ಶಾಲು ತೆಗೆದುಕೊಂಡು ಮನೆಗೆ ಹೋದರು.

ಆದರೆ ಮೇಜಿನ ಖಾನೆಯೊಳಗಿದ್ದ ಕಾಗದವನ್ನು ಯಾವ ಪಟ್ಟಿಯಿಂದ ಮುಚ್ಚಿದರೂ ಪ್ರಯೋಜನವಿರಲಿಲ್ಲ. ನಿನ್ನೆ ಸಂಜೆ ಗುಪ್ತರೋಗದ ದವಾಖಾನೆಯಿಂದ ಮೊಹರಿಗೆಂದು ಬಂದ ಏಳು ಕರೆಪತ್ರಗಳಲ್ಲಿ ಅದು ಐದನೆಯದು. ರೋಗಿಯ ಹೆಂಡತಿ ಶುಕ್ರವಾರ ಬೆಳಗ್ಗೆ ಹತ್ತು ಗಂಟೆಗೆ ತಪಾಸಣೆಗೆ ಹಾಜರಾಗತಕ್ಕದ್ದು, ತಪ್ಪಿದಲ್ಲಿ ದಾದಿಯೇ ದವಾಖಾನೆಯ ವಾಹನದಲ್ಲಿ ಮನೆಗೆ ಬರುವಳು. ಮೊಹರು ಹಾಕುವಾಗ ಹೆಸರು ಮುಚ್ಚುವ ಹಾಗಿಲ್ಲ, ಮೊಹರು ಬೀಳಬೇಕಾದ್ದೇ ಹೆಸರಿನ ಪಕ್ಕದಲ್ಲಿ. ಎತ್ತಿದ ಮೊಹರು ಎತ್ತಿದಂತೆಯೇ ನಿಂತಿತು. ಅಲ್ಲಿ ಬರೆದಿದ್ದದ್ದು ಅವಳ ಅತ್ತೆಯ ಹೆಸರು. ಅರವತ್ತೆಂಟು ವರ್ಷದ ಆ ಜೀವ ಮೈಕೈ ನೋವೆಂದು ಕೂಡ ಡಾಕ್ಟರ ಎದುರು ಮೇಲಂಗಿಯ ಗುಂಡಿ ಬಿಚ್ಚಿದ್ದಿಲ್ಲ. ಆ ವಾಹನದ ಮೈಮೇಲೆ ಕೆಂಪು ಅಕ್ಷರದಲ್ಲಿ ದವಾಖಾನೆಯ ಹೆಸರಿದೆ, ಅದು ಯಾರ ಮನೆಮುಂದೆ ನಿಂತರೂ ಎರಡು ಬೀದಿಯ ಕಿಟಕಿಗಳು ತೆರೆಯುತ್ತವೆ. ಇವತ್ತು ಗುರುವಾರ. ಬುರುಲ್ ಉಳಿದ ಆರಕ್ಕೆ ಮೊಹರು ಹಾಕಿ ಕಳಿಸಿ, ಐದನೆಯದನ್ನು ಖಾನೆಯಲ್ಲಿ ಕಾರ್ಬನ್ ಹಾಳೆಗಳ ಕೆಳಗಿಟ್ಟಿದ್ದಳು. ಕಳ್ಳರು ಮಾಡುವುದೂ ಇಷ್ಟೇ ಎಂದು ರಾತ್ರಿಯಿಡೀ ಅನಿಸಿತ್ತು.

ಇದನ್ನು ಮಾಡಿದ್ದು ದವಾಖಾನೆಯಲ್ಲ, ಅವಳದೇ ಕೈ. ಎರಡು ವಾರದ ಹಿಂದಿನ ಮಂಗಳವಾರ ನಲವತ್ತು ಕೇಸ್ ಶೀಟುಗಳ ನಡುವೆ ಇನ್ನೂರ ಹದಿನಾಲ್ಕನೆಯ ನಂಬರಿನದ್ದೊಂದು ಬಂತು. ಮೂತ್ರ ಹೊರಬರುವ ನಾಳ ಕಿರಿದಾಗಿ ಕಟ್ಟಿಕೊಂಡಿದೆ. ಸದ್ಯಕ್ಕೆ ಹೊಟ್ಟೆಯ ಮೇಲಿಂದ ಪೈಪು ಹಾಕಿ ಚೀಲ ಕಟ್ಟಿದೆ. ರಾಜಧಾನಿಯಲ್ಲಿ ಶಸ್ತ್ರಚಿಕಿತ್ಸೆ ಆಗಬೇಕು. ಇದಕ್ಕೆ ಕೋಡ್ ಎನ್ ಮೂವತ್ತೈದು. ಆಮೇಲೊಂದು ಚುಕ್ಕಿ, ಚುಕ್ಕಿಯ ಮುಂದೆ ಕಾರಣ ಹೇಳುವ ಒಂದು ಅಂಕಿ. ಪೆಟ್ಟಿನಿಂದಾದರೆ ಸೊನ್ನೆ, ಸೋಂಕಿನಿಂದಾದರೆ ಒಂದು, ಗೊತ್ತಿಲ್ಲವೆಂದರೆ ಒಂಬತ್ತು. ರಾಜಧಾನಿಗೆ ಹೋಗುವ ಕಡತದಲ್ಲಿ ಒಂಬತ್ತು ಇರಕೂಡದೆಂದು ಕಳೆದ ವರ್ಷ ಸುತ್ತೋಲೆ ಬಂದಿದೆ. ಡಾಕ್ಟರು ‘ಪೆಟ್ಟು: ಇಲ್ಲವೆನ್ನುತ್ತಾರೆ’ ಎಂದು ಬರೆದಿದ್ದರು, ಅಂದರೆ ಸೊನ್ನೆಯಲ್ಲ. ಒಂಬತ್ತು ಹಾಕುವಂತಿಲ್ಲ. ಉಳಿದದ್ದು ಒಂದು. ಒಂದು ಬರೆಯುವುದಕ್ಕೆ ಎಷ್ಟು ಹೊತ್ತು ಬೇಕು, ಮೇಲಿಂದ ಕೆಳಕ್ಕೊಂದು ಗೀಟು. ಒಂದು ಬಿದ್ದ ಕಡತ ತಾನಾಗಿಯೇ ಗುಪ್ತರೋಗದ ದವಾಖಾನೆಗೆ ಹೋಗುತ್ತದೆ, ಅವರು ತಾವಾಗಿಯೇ ಹೆಂಡತಿಯನ್ನು ಕರೆಯುತ್ತಾರೆ. ಜಿಯ್ನತ್ ಎಜೆಯ ಕಾಲದಲ್ಲಿ ಹೀಗೆ ಕಳೆದು ಉಳಿದದ್ದನ್ನು ಬರೆಯುತ್ತಿರಲಿಲ್ಲ. ಕಾರಣದ ಜಾಗ ಖಾಲಿಯಿದ್ದರೆ ಅವರು ಪೆನ್ನಿನ ಕ್ಯಾಪು ಹಾಕಿ, ಮೊಣಕಾಲು ಹಿಡಿದುಕೊಂಡು ಎರಡು ಮಹಡಿ ಹತ್ತಿ, ರೋಗಿಯ ಮಂಚದ ಅಂಚಿನಲ್ಲಿ ಕೂತು ಬರುತ್ತಿದ್ದರು. ಏನು ಕೇಳುತ್ತಿದ್ದರೋ, ಏನು ಹೇಳಿಸಿಕೊಳ್ಳುತ್ತಿದ್ದರೋ. ಅಂಥ ಹೆಂಗಸನ್ನು ಬುರುಲ್ ಮತ್ತೆ ಕಂಡಿಲ್ಲ. ಅವರ ಅಡಿಪಟ್ಟಿಯನ್ನು ಇಟ್ಟುಕೊಂಡು ಅವರ ಮೆಟ್ಟಿಲುಗಳನ್ನು ತಾನು ಬಿಟ್ಟುಬಿಟ್ಟೆ ಎಂದು ಈಗ ಅನಿಸಿತು.

ಮಾವ ಆಗ ಆಸ್ಪತ್ರೆಯಲ್ಲಿದ್ದರೆಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಮನೆಯಲ್ಲಿ ಅವಳಿಗೆ ಹೇಳಿದ್ದು ಸೊಂಟ ಹಿಡಿದಿದೆ ಎಂದು. ಸೊಸೆಗೆ ಮಾವನ ಮೈಯಲ್ಲಿ ಸೊಂಟಕ್ಕಿಂತ ಕೆಳಗೆ ಏನೂ ಇರುವುದಿಲ್ಲ. ಅವಳು ಸೂಪು ಮಾಡಿ ಅತ್ತೆಯ ಕೈಲಿ ಕಳಿಸಿದಳು, ಅಷ್ಟೇ. ಊರಿನ ಹಿರಿಯರನ್ನೆಲ್ಲ ಕರೆಯುವ ಹಾಗೆ ಮಾವನನ್ನು ಅತಾ ಎಂದೂ ಅತ್ತೆಯನ್ನು ಅಪಾ ಎಂದೂ ಕರೆಯುವುದು ಬಿಟ್ಟರೆ ಇಪ್ಪತ್ತೊಂದು ವರ್ಷದಲ್ಲಿ ಅವರ ಹೆಸರು ಅವಳ ಬಾಯಿಗೆ ಬಂದದ್ದಿಲ್ಲ. ಯಾವ ಸೊಸೆಯ ಬಾಯಿಗೂ ಬರಕೂಡದು. ಹೆಸರಷ್ಟೇ ಅಲ್ಲ, ಹೆಸರಿನೊಳಗಿನ ಪದವೂ. ಮಾವನ ಹೆಸರಿನ ಅರ್ಧ ಕಬ್ಬಿಣ. ಹಾಗಾಗಿ ಬಾಣಲೆಯನ್ನು, ಲಾಳವನ್ನು, ಬಾಗಿಲ ಅಗುಳಿಯನ್ನು ಅವಳು ‘ಗಟ್ಟಿಯದು’ ಎನ್ನುತ್ತಾಳೆ. ಮದುವೆಯಾಗಿ ಎರಡು ವರ್ಷಕ್ಕೆ ಈ ಕೆಲಸಕ್ಕೆ ಸೇರಿದಾಗ ಮೊದಲ ವಾರವೇ ಪೇಚಿಗೆ ಸಿಕ್ಕಿಕೊಂಡಿದ್ದಳು. ಬಸುರಿಯರಲ್ಲಿ ಅರ್ಧಕ್ಕರ್ಧ ಮಂದಿಗೆ ಕಬ್ಬಿಣಾಂಶ ಕಡಿಮೆ, ಅದನ್ನು ಸಭೆಯಲ್ಲಿ ಓದಬೇಕು, ಇವಳು ಬಾಯಿ ಮುಚ್ಚಿ ನಿಂತಳು. ಆಗ ಜಿಯ್ನತ್ ಎಜೆ ತಲೆಯೆತ್ತದೆ, ‘ಡಿ ಐವತ್ತು ಅನ್ನು. ಅಂಕಿಗೆ ಅತ್ತೆ ಮಾವ ಇಲ್ಲ’ ಎಂದರು. ಅವತ್ತಿನಿಂದ ಬುರುಲ್‌ಗೆ ಈ ಕೆಲಸದ ಮೇಲೆ ಪ್ರೀತಿ ಹುಟ್ಟಿತು. ಎಂಥ ಮಾತಿಗೂ ಒಂದು ಅಂಕಿ ಇದೆ, ಬಾಯಿ ಹೊಲಸಾಗುವುದಿಲ್ಲ, ಯಾರಿಗೂ ಅವಮಾನವಾಗುವುದಿಲ್ಲ ಎಂದುಕೊಂಡಿದ್ದಳು. ಅಂಕಿಯೊಂದು ಮನೆಬಾಗಿಲಿಗೆ ವಾಹನ ತರುತ್ತದೆಂದು ಆಗ ಹೊಳೆದಿರಲಿಲ್ಲ.

ಹನ್ನೊಂದಕ್ಕೆ ಅವಳು ಮೆಟ್ಟಿಲು ಹತ್ತಿದಳು. ಮೂತ್ರರೋಗದ ಡಾಕ್ಟರ್ ಶೆರಿಪ್, ಅವಳಿಗಿಂತ ಆರು ವರ್ಷ ಚಿಕ್ಕವನು, ಕಿಟಕಿಯ ಹತ್ತಿರ ನಿಂತು ಬ್ರೆಡ್ಡಿಗೆ ಜಾಮು ಸವರುತ್ತಿದ್ದ.

“ಬನ್ನಿ ಎಜೆ. ಯಾಕೆ ಮುಖ ಹಿಂಗಾಗಿದೆ, ಜಾತ್ರೇಲಿ ಕುರಿ ಕಳ್ಕೊಂಡೋರ ಥರ?”

ಅವಳು ಕಡತವನ್ನು ಮುಂದೆ ಹಿಡಿದಳು. “ಇನ್ನೂರ ಹದಿನಾಲ್ಕು.”

“ನಿಮ್ಮ ಮಾವಂದು.” ಅವನು ಬ್ರೆಡ್ಡನ್ನು ಕೆಳಗಿಟ್ಟ. “ಕೇಳಿದೆ ಎಜೆ. ಒಂದಲ್ಲ ಮೂರು ಸಲ ಕೇಳಿದೆ. ಬಿದ್ದಿದ್ರಾ ಅಂದೆ, ಇಲ್ಲ ಅಂದ್ರು. ಯಾರಾದ್ರೂ ಒದ್ದಿದ್ರಾ ಅಂದೆ, ನನ್ನ ಒದೆಯೋನು ಇನ್ನೂ ಹುಟ್ಟಿಲ್ಲ ಅಂದ್ರು. ವಯಸ್ಸಲ್ಲಿ ಏನಾದ್ರೂ ಸೋಂಕು ಗೀಂಕು ಅಂತ ಕೇಳಿದ್ದಕ್ಕೆ ಸುಮ್ನೆ ನನ್ನ ಮುಖ ನೋಡ್ತಾ ಕೂತ್ಬಿಟ್ರು. ನಂಗೇ ನಾಚಿಕೆ ಆಯ್ತು.”

“ಒಂಬತ್ತು ಹಾಕಿದ್ರೆ?”

“ಹಾಕಿ. ಕಡತ ನಾಳೆ ಕಾರಲ್ಲಿ ರಾಜಧಾನಿಗೆ ಹೋಗತ್ತೆ, ಸೋಮವಾರ ಅದೇ ಕಾರಲ್ಲಿ ವಾಪಸ್ ಬರತ್ತೆ. ಅವರಿಗೆ ಇನ್ನೊಂದು ತಿಂಗಳು ಹೊಟ್ಟೆ ಮೇಲೆ ಪೈಪು.” ಅವನು ದನಿ ತಗ್ಗಿಸಿದ. “ಸೊನ್ನೆ ಹಾಕ್ಬಿಡಿ. ಯಾರು ನೋಡ್ತಾರೆ? ಕುದುರೆ ಮೇಲಿಂದ ಬಿದ್ರು ಅಂತ ನಾನೂ ಒಂದು ಸಾಲು ಬರೀತೀನಿ. ಈ ಊರಲ್ಲಿ ಬೀಳದೇ ಇರೋ ಗಂಡಸು ಯಾರಿದಾನೆ ಹೇಳಿ.”

“ಬರೆದ್ಮೇಲೆ ಕೆಳಗೆ ಅವರ ಸಹಿ ಬೇಕಲ್ಲ ಡಾಕ್ಟ್ರೇ.”

“ಹೌದಲ್ವಾ.” ಶೆರಿಪ್ ಗಲ್ಲ ಕೆರೆದುಕೊಂಡ. “ಹಾಕಲ್ಲ ಅವರು.”

“ಹಾಕಲ್ಲ.”

ಹೇಳುವಾಗ ಅವಳಿಗೆ ದುಃಖದ ನಡುವೆಯೂ ಒಂದು ಹೆಮ್ಮೆ ಬಂತು. ಆ ಮನುಷ್ಯ ಬೀಳದೆ ಇದ್ದು ಬಿದ್ದೆನೆಂದು ಸಹಿ ಹಾಕುವವರಲ್ಲ. ಸರ್ಕಾರಿ ಫಾರ್ಮಿನ ಕುದುರೆ ಲಾಯದಲ್ಲಿ ಇಪ್ಪತ್ತಾರು ವರ್ಷ ತಳಿಪುಸ್ತಕ ಬರೆದವರು. ಯಾವ ಮರಿ ಯಾವ ತಾಯಿಯದು, ಹಣೆಯ ಚುಕ್ಕೆ ಎಷ್ಟು ದೊಡ್ಡದು, ಯಾವ ಕಾಲು ಬಿಳಿ, ಯಾವ ದಿನ ಕುಂಟಿತು, ಯಾರ ತಪ್ಪಿನಿಂದ ಕುಂಟಿತು, ಎಲ್ಲ. ಫಾರ್ಮು ಮುಚ್ಚಿದಾಗ ಜನ ಟ್ರ್ಯಾಕ್ಟರಿನ ಚಕ್ರ, ತಗಡು, ಹಸು, ಸಿಕ್ಕಿದ್ದನ್ನೆಲ್ಲ ಮನೆಗೆ ಸಾಗಿಸಿದರೆ ಇವರು ತಳಿಪುಸ್ತಕಗಳನ್ನು ಹೊತ್ತುಕೊಂಡು ಬಂದರಂತೆ. ಅತ್ತೆ ಇವತ್ತಿಗೂ ಅದನ್ನು ಹೇಳಿ ನಗುತ್ತಾಳೆ. ‘ಎಲ್ಲರ ಮನೆಗೂ ಹಸು ಬಂತು, ನಮ್ಮನೆಗೆ ಹಸುವಿನ ಹೆಸರೂ ಬರಲಿಲ್ಲ, ಕುದುರೆ ಹೆಸರು ಬಂತು.’

ಮೆಟ್ಟಿಲಿಳಿಯುವಾಗ ಬೆಂಚಿನ ಮೇಲೆ ಯಾರೋ ಬಿಳಿ ಶಾಲಿನ ಮುದುಕಿ ಕೂತಿದ್ದಳು, ಬುರುಲ್‌ಳ ಕಾಲು ನಿಂತಿತು. ಬೇರೆ ಯಾರೋ. ಆದರೆ ಕಳೆದ ವಸಂತದಲ್ಲಿ ಇದೇ ಬೆಂಚಿನಲ್ಲಿ ಹೀಗೇ ಬಿಳಿ ಶಾಲು ಹೊದ್ದು ಮೇಲಿನ ಹಳ್ಳಿಯ ಒಬ್ಬಳು ಕೂತಿದ್ದಳು. ಕೈಯಲ್ಲಿ ಕರೆಪತ್ರ. ಬೂಟಿನ ಮೇಲೆ ಹೊಸ ರಬ್ಬರಿನ ಗಲೋಷು ಹಾಕಿದ್ದಳು, ಸರ್ಕಾರದವರು ಹೆಸರು ಹಿಡಿದು ಕರೆದಿದ್ದಾರೆಂದು. ‘ಮಗಳೇ, ಇದೇನು ಪಿಂಚಣಿದಾ?’ ಎಂದು ಕಾಗದ ತೋರಿಸಿದಾಗ ಬುರುಲ್ ಓದಿ, ಅಂಗಳದಾಚೆ ಗುಪ್ತರೋಗದ ದವಾಖಾನೆಯ ಹಸಿರು ಬಾಗಿಲಿನತ್ತ ಬೆರಳು ತೋರಿಸಿ, ತನ್ನ ಕೋಣೆಗೆ ನಡೆದುಬಿಟ್ಟಿದ್ದಳು. ಅರ್ಧ ಗಂಟೆಯ ಮೇಲೆ ಕಿಟಕಿಯಿಂದ ಕಂಡಿತ್ತು: ಮುದುಕಿ ಹಸಿರು ಬಾಗಿಲಿನಿಂದ ಹೊರಬಂದು, ಶಾಲನ್ನು ತಲೆಯಿಂದ ಮುಖಕ್ಕೆಳೆದುಕೊಂಡು, ಗೇಟಿನ ಕಡೆಗಲ್ಲದೆ ಹಿತ್ತಲ ಬೇಲಿಯ ಕಡೆಗೆ ನಡೆದಳು. ಆಕೆಯ ಗಂಡನದ್ದೂ ಮೂವತ್ತೈದು ಚುಕ್ಕಿ ಒಂದು. ಅವನೂ ಬಿದ್ದಿಲ್ಲವೆಂದಿದ್ದ. ಈ ವರ್ಷ ಅಂಥವು ಹನ್ನೊಂದು ಬರೆದಿದ್ದಾಳೆ ಅವಳು. ಹನ್ನೊಂದು ಜನ ಕುದುರೆ ಸವಾರ ಮುದುಕರು, ಒಬ್ಬರೂ ಬಿದ್ದಿಲ್ಲವಂತೆ. ಎಲ್ಲರೂ ಸುಳ್ಳು ಹೇಳಿದರೇ ಎಂದು ಇವತ್ತಿನವರೆಗೆ ಅವಳು ಕೇಳಿಕೊಂಡಿರಲಿಲ್ಲ. ಕುದುರೆಯಿಂದ ಬಿದ್ದೆನೆಂದು ಒಪ್ಪಿಕೊಳ್ಳುವುದಕ್ಕಿಂತ ಕಣಿವೆಯ ಗಂಡಸು ಸಾಯುವುದೇ ವಾಸಿ ಎಂದುಕೊಳ್ಳುತ್ತಾನೆ, ನಿಜ. ಆದರೆ ಮಾವ ನಾಚಿಕೆಗಾಗಿ ಸುಳ್ಳು ಹೇಳುವವರಲ್ಲ. ಹಾಗಿದ್ದರೆ ಪೆಟ್ಟಾಗಿಲ್ಲ. ಪೆಟ್ಟಾಗಿಲ್ಲವೆಂದರೆ ಒಂದು ಎಂಬುದೇ ಸರಿಯೇ? ಈ ಯೋಚನೆ ಬಂದದ್ದಕ್ಕೇ ಅವಳ ಕಿವಿ ಬಿಸಿಯಾಯಿತು. ಮಾವನ ಹರೆಯವನ್ನು ಸೊಸೆ ಕಣ್ಣೆದುರು ತಂದುಕೊಳ್ಳುವುದೆಂದರೇನು.

ಮನೆ ಆಸ್ಪತ್ರೆಯಿಂದ ಹತ್ತು ನಿಮಿಷ. ಗಂಡ ಕಣಿವೆಯಾಚೆ ಲಾರಿಯೊಂದಿಗಿದ್ದ. ಮಧ್ಯಾಹ್ನದ ಚಹಾಕ್ಕೆ ಅವಳು ಎಂದಿನ ಹಾಗೆ ಬಾಗಿಲ ಬಳಿ, ಚಹಾದ ನೀರು ಕುದಿಯುವ ಹಿತ್ತಾಳೆಯ ಸಮೋವರಿನ ಪಕ್ಕ ಕೂತಳು. ಎದುರುಗೋಡೆಯ ಹಿರಿಯರ ಜಾಗದಲ್ಲಿ ಮಾವ, ಭುಜದ ಮೇಲೆ ದೊಡ್ಡ ಕೋಟು. ಮನೆಯೊಳಗೆ ಬೆಚ್ಚಗಿದ್ದರೂ ಆ ಕೋಟು ಎರಡು ವಾರದಿಂದ ಇಳಿದಿಲ್ಲ, ಎಡಮಗ್ಗುಲಿನ ಚೀಲ ಕಾಣಬಾರದೆಂದು. ಏಳುವಾಗ ಕೂರುವಾಗ ಎಡಗೈ ಅಲ್ಲಿಗೆ ಹೋಗುತ್ತದೆ, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡುವುದಿಲ್ಲ. ಯಾರಾದರೂ ನೆಂಟರು ಬಂದರೆ ಮೊದಲಿಗಿಂತ ನೆಟ್ಟಗೆ ಕೂರುತ್ತಾರೆ. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಪೈಪಿನ ತುದಿಯಲ್ಲಿ ತನ್ನ ನೀರನ್ನು ತಾನೇ ಹೊತ್ತುಕೊಂಡು ಹೀಗೆ ಕೂರುವುದು ಎಷ್ಟು ಕಷ್ಟವೆಂದು ಯೋಚಿಸುತ್ತಲೇ ಅವಳು ಬಟ್ಟಲಿಗೆ ಚಹಾ ಸುರಿದಳು, ಸುರಿಯುತ್ತಲೇ ಇದ್ದಳು. ಅತ್ತೆ ‘ಅಯ್ಯೋ’ ಎಂದಾಗ ನೋಡಿದರೆ ಬಟ್ಟಲು ಕಂಠಮಟ್ಟ ತುಂಬಿತ್ತು. ಹಿರಿಯರಿಗೆ ಅರ್ಧ ಬಟ್ಟಲು ಕೊಡುವುದು, ಮತ್ತೆ ಮತ್ತೆ ತುಂಬಲಿಕ್ಕೆ. ತುಂಬಿ ಕೊಟ್ಟರೆ ಕುಡಿದು ಎದ್ದು ನಡಿ ಎಂದು ಅರ್ಥ.

“ಏನಮ್ಮಾ ಇದು, ಮನೆ ಯಜಮಾನನ್ನೇ ಹೊರಡಿಸ್ತಿದೀಯಾ?” ಎಂದಳು ಅತ್ತೆ.

ಮಾವ ಕೈ ಚಾಚಿ ಬಟ್ಟಲು ತೆಗೆದುಕೊಂಡರು. ಒಂದು ಹನಿಯೂ ಚೆಲ್ಲದ ಹಾಗೆ ತುಟಿಗೆ ತಂದು, ನಿಧಾನವಾಗಿ ಪೂರ್ತಿ ಕುಡಿದರು.

“ಇರಲಿ ಬಿಡು ಮುದುಕಿ. ದೂರ ಹೋಗೋ ಸವಾರನಿಗೆ ತುಂಬಿದ ಬಟ್ಟಲೇ ಕೊಡೋದು.” ಖಾಲಿ ಬಟ್ಟಲನ್ನು ತಮ್ಮ ಮುಂದಿಟ್ಟು, ಹೆಂಡತಿಯ ಕಡೆಗೇ ಮುಖ ಮಾಡಿ ಮುಂದುವರಿದರು. “ಈ ಮನೇಲಿ ಯಾರಿಗೋ ಗಂಟಲಲ್ಲಿ ಏನೋ ಸಿಕ್ಕಿಹಾಕ್ಕೊಂಡಿದೆ. ನುಂಗೋಕೂ ಆಗ್ತಿಲ್ಲ, ಉಗುಳೋಕೂ ಆಗ್ತಿಲ್ಲ. ಹೇಳ್ಬಿಡು ಅಂತ ಹೇಳು.”

“ನನಗ್ಯಾಕೆ ಹೇಳ್ತೀರಿ? ಅಲ್ಲೇ ಕೂತಿದಾಳಲ್ಲ.”

“ಮಗಳೇ ನಿನಗೆ ಹೇಳ್ತೀನಿ, ಸೊಸೆಯೇ ನೀನು ಕೇಳು ಅಂತ ಹಿರಿಯರು ಸುಮ್ನೆ ಹೇಳಿದಾರಾ?”

ಬುರುಲ್ ಸಮೋವರಿನ ಹೊಟ್ಟೆಯನ್ನು ನೋಡುತ್ತ ಮಾತಾಡಿದಳು. ಅಲ್ಲಿ ಅವಳ ಮುಖ ಅಗಲವಾಗಿ, ಪೆದ್ದುಪೆದ್ದಾಗಿ ಕಾಣುತ್ತಿತ್ತು.

“ಅಪಾ, ನಮ್ಮಲ್ಲೊಂದು ಕೇಸ್ ಶೀಟ್ ಬಂದಿತ್ತು. ಯಾರೋ ಒಬ್ಬ ರೋಗೀದು. ನಾನು ಅದರಲ್ಲೊಂದು ಅಂಕಿ ಬರೆದೆ. ತಪ್ಪು ಬರೆದೆ ಅನ್ಸತ್ತೆ. ಮೆಟ್ಟಿಲು ಹತ್ತಿ ಹೋಗಿ ಕೇಳ್ಬೇಕಿತ್ತು, ಕೇಳಲಿಲ್ಲ. ಆ ಅಂಕಿಯಿಂದ ಆ ರೋಗಿ ವಯಸ್ಸಲ್ಲಿ ಕೆಟ್ಟ ಸಹವಾಸ ಮಾಡಿ ಕಾಯಿಲೆ ತಂದ್ಕೊಂಡ ಅನ್ನೋ ಅರ್ಥ ಬಂತು. ಈಗ ಅವರ ಹೆಂಡತೀನ ಹಸಿರು ಬಾಗಿಲಿಗೆ ಕರೆದಿದಾರೆ, ನಾಳೆ.”

“ಅಯ್ಯೋ ಪಾಪ,” ಎಂ‌ದಳು ಅತ್ತೆ, ರೊಟ್ಟಿ ಮುರಿಯುತ್ತ. “ಯಾರ ಮನೆಯವಳೋ. ಆ ಮುದುಕಿ ಹೆಂಗೆ ತಲೆಯೆತ್ತಿ ನಡೀತಾಳೆ ಇನ್ಮೇಲೆ.”

ಬುರುಲ್ ಆಸ್ಪತ್ರೆಯ ಖಾನೆಯಿಂದ ತಂದಿದ್ದ, ಮಡಿಸಿದ ಕರೆಪತ್ರವನ್ನು ರವಿಕೆಯೊಳಗಿಂದ ತೆಗೆದು ಊಟದ ಬಟ್ಟೆಯ ಮೇಲೆ, ರೊಟ್ಟಿಗೂ ಕೆನೆಗೂ ನಡುವೆ ಇಟ್ಟಳು. ಅತ್ತೆಗೆ ಕನ್ನಡಕವಿಲ್ಲದೆ ಓದಲು ಬರುವುದಿಲ್ಲ. ಮಾವ ಎತ್ತಿಕೊಂಡರು. ಓದಿದರು. ಮೊದಲಿನಿಂದ ಇನ್ನೊಮ್ಮೆ ಓದಿದರು. ಅವರ ಕುತ್ತಿಗೆ ಕೆಂಪೇರಿತು, ಬಿಳಿ ಗಡ್ಡದ ಕೆಳಗಿನಿಂದ ಕಿವಿಯವರೆಗೆ. ಅದನ್ನು ನೋಡಿದ್ದಕ್ಕೆ ಬುರುಲ್‌ಗೆ ಸತ್ತುಹೋಗಬೇಕೆನ್ನಿಸಿತು. ಅವರು ಕಾಗದವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿ ತಮ್ಮ ತುಪ್ಪಳದ ಟೋಪಿಯ ಒಳಕ್ಕೆ ಸೇರಿಸಿದರು.

“ಏನದು?” ಎಂದಳು ಅತ್ತೆ.

“ನನಗೆ ಬಂದಿದ್ದು. ಕೆನೆ ಕೊಡು ಈ ಕಡೆ.” ಕೆನೆಯನ್ನು ರೊಟ್ಟಿಗೆ ಸವರುತ್ತ, “ಆ ರೋಗೀನ ಡಾಕ್ಟ್ರು ಏನಂತ ಕೇಳಿದ್ರಂತೆ?”

“ಬಿದ್ದಿದ್ರಾ ಅಂತ ಕೇಳಿದ್ರಂತೆ ಅಪಾ.”

“ಬಿದ್ದಿಲ್ಲದೇ ಇದ್ರೆ ಬಿದ್ದಿಲ್ಲ ಅಂತಾನೇ ಹೇಳ್ಬೇಕು.”

ಬಾಗಿಲ ಪಕ್ಕದ ಗೋಡೆಗೆ ಮಾವನ ಕುದುರೆಯ ಜೀನು ತೂಗುಬಿದ್ದಿತ್ತು. ಇಪ್ಪತ್ತೊಂದು ವರ್ಷ ವಾರಕ್ಕೊಮ್ಮೆ ಅವಳು ಧೂಳು ಒರೆಸಿದ ಜೀನು. ಹೊಸಬರ ಜೀನುಗಳ ಹಾಗಲ್ಲ, ಮುಂದುಗಡೆ ಗೇಣುದ್ದದ ಮರದ ಕೊಂಬು, ತುದಿಗೆ ಹಿತ್ತಾಳೆ. ಒರೆಸುವಾಗ ಒಂದೆರಡು ಸಲ ಅವಳ ಮೊಣಕೈಗೆ ಬಡಿದು ಕಣ್ಣಲ್ಲಿ ನೀರು ಬಂದದ್ದುಂಟು. ಈಗ ಅದನ್ನೇ ನೋಡುತ್ತಿದ್ದವಳಿಗೆ ತಟ್ಟನೆ ಒಂದು ಮಾತು ಹೊಳೆಯಿತು. ಎಷ್ಟು ಸಣ್ಣ ಮಾತೆಂದರೆ, ಹನ್ನೊಂದು ಮಂದಿಯಲ್ಲಿ ಒಬ್ಬರನ್ನೂ ಯಾರೂ ಅದನ್ನು ಕೇಳಿರಲಿಲ್ಲ.

“ಬೀಳದೇನೂ ಪೆಟ್ಟಾಗತ್ತೆ ಅಪಾ. ಜೀನಿನ ಮೇಲೇ ಕೂತಿದ್ದು, ಮುಂದಿನ ಕೊಂಬಿಗೆ ಬಡಿದು. ಮೂರು ನಾಲ್ಕು ದಶಕ ಆದ್ಮೇಲೂ ಅದು ನಾಳಾನ ಕಟ್ಟಿಹಾಕತ್ತಂತೆ, ನಮ್ಮ ಪುಸ್ತಕದಲ್ಲಿದೆ. ಅದನ್ನ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.”

ಮಾವ ಬಟ್ಟಲನ್ನು ಸಾಕೆಂದು ಬೋರಲು ಹಾಕಿ, ಎಡಗೈಯಿಂದ ಕೋಟು ಅದುಮಿ ಹಿಡಿದು ಎದ್ದು ಉಗ್ರಾಣದ ಕೋಣೆಗೆ ಹೋದರು. ಪೆಟ್ಟಿಗೆಯ ಮುಚ್ಚಳ ತೆರೆದ ಸದ್ದು ಕೇಳಿತು. ಅತ್ತೆ, “ಈ ಹೊತ್ತಲ್ಲಿ ಅಲ್ಲೇನು ಹುಡುಕ್ತಾರೋ” ಎನ್ನುತ್ತ ಬಟ್ಟೆಯ ಮೇಲಿನ ರೊಟ್ಟಿಯ ಚೂರುಗಳನ್ನು ಅಂಗೈಗೆ ಬಳಿದುಕೊಂಡಳು.

ಮೂರು ಗಂಟೆಗೆ ಬುರುಲ್ ಆಸ್ಪತ್ರೆಯ ತನ್ನ ಕೋಣೆಯ ಕಿಂಡಿಯಿಂದ ಹೊರಗೆ ನೋಡಿದಾಗ ಮಾವ ಬೆಂಚಿನಲ್ಲಿದ್ದರು. ಐದಾರು ಜನ ಮುದುಕರ ನಡುವೆ, ಟೋಪಿ ತಲೆಯ ಮೇಲೆ, ತೊಡೆಯ ಮೇಲೆ ಬಟ್ಟೆ ಸುತ್ತಿದ ಗಂಟು. ನಡೆದು ಬಂದಿದ್ದರು, ಕುದುರೆ ಹತ್ತುವ ಹಾಗಿರಲಿಲ್ಲ.

“ಏನು, ಕುದುರೆ ಎಲ್ಲಿ ಬಿಟ್ರಿ?” ಎಂದ ಪಕ್ಕದವನು. “ನಿಮ್ಮನ್ನ ಕಾಲ ಮೇಲೆ ನೋಡಿದ್ದೇ ಇವತ್ತು.”

“ಕುದುರೆ ಮನೇಲಿ ಆರಾಮಾಗಿದೆ. ಇವತ್ತು ನನ್ನ ನಾನೇ ಹೊತ್ಕೊಂಡು ಬಂದೆ.”

ಮುದುಕರು ನಕ್ಕರು. ಬುರುಲ್‌ಗೆ ಆ ಗಂಟಿನಿಂದ ಕಣ್ಣು ಕೀಳಲಾಗಲಿಲ್ಲ. ಕಿಂಡಿಯಿಂದ ಹೆಸರು ಕೂಗಿ ಕರೆಯುವುದು ಪದ್ಧತಿ. ಇಬ್ಬರನ್ನು ಕೂಗಿದಳು, ಕಾಗದ ಕೊಟ್ಟು ಕಳಿಸಿದಳು. ಮೂರನೆಯದಕ್ಕೆ ಬಾಯಿ ತೆರೆದು ಹಾಗೇ ನಿಂತಳು. ‘ಅತಾ’ ಎಂದು ಕೂಗಿದರೆ ಬೆಂಚಿನಲ್ಲಿ ಎಲ್ಲರೂ ಅತಾಗಳೇ, ಎಲ್ಲರೂ ಏಳುತ್ತಾರೆ. ಅಷ್ಟರಲ್ಲಿ ಮಾವ ತಾವೇ ಎದ್ದು ಕಿಂಡಿಗೆ ಬಂದರು. ಬಿಡುಗಡೆಯ ಚೀಟಿಯನ್ನು ಒಳಗೆ ಸರಿಸಿ, ಹಿಂದಿನವರಿಗೆಲ್ಲ ಕೇಳುವ ಹಾಗೆ, “ಇನ್ನೂರ ಹದಿನಾಲ್ಕು” ಎಂದರು.

ಅವಳಿಗೆ ಕಣ್ಣು ತುಂಬಿತು. ಸೊಸೆಯ ಬಾಯಿ ಕಟ್ಟಿರುವುದನ್ನು ಬಲ್ಲ ಮಾವಂದಿರು ಎಷ್ಟೋ ಇದ್ದಾರು. ಅದಕ್ಕಾಗಿ ನಾಲ್ಕು ಜನರೆದುರು ತನ್ನ ಹೆಸರು ಬಿಟ್ಟು ನಂಬರಾಗಿ ನಿಲ್ಲುವವರನ್ನು ಅವಳು ಕಂಡಿರಲಿಲ್ಲ.

ಅವಳು ಅವರನ್ನು ಮೇಲೆ ಡಾಕ್ಟರ ಕೋಣೆಗೆ ಕರೆದೊಯ್ದಳು. ಅಲ್ಲಿ ಅವರು ಗಂಟು ಬಿಚ್ಚಿದರು. ದಪ್ಪ ರಟ್ಟಿನ ಪುಸ್ತಕ, ಅಂಚುಗಳಲ್ಲಿ ಇಲಿ ಕಡಿದ ಗುರುತು, ಇನ್ನೂ ಕುದುರೆಯ ವಾಸನೆ. ಟೋಪಿಯೊಳಗಿನಿಂದ ಕರೆಪತ್ರವನ್ನು ತೆಗೆದು ಮೊದಲು ಅದನ್ನು ಮೇಜಿನ ಮೇಲಿಟ್ಟರು.

“ಡಾಕ್ಟ್ರೇ, ಇದು ನನ್ನ ಮುದುಕೀದಲ್ಲ. ವಾಪಸ್ ಕಳಿಸಿ. ನೀವು ಬಿದ್ದಿದ್ರಾ ಅಂದ್ರಿ, ನಾನು ಇಲ್ಲ ಅಂದೆ. ಜೀನಿನ ಕೊಂಬು ಬಡಿದಿತ್ತಾ ಅಂತ ಕೇಳಿದ್ರೆ ಅವತ್ತೇ ಹೇಳ್ತಿದ್ನೋ ಏನೋ. ಅದೂ ಗ್ಯಾರಂಟಿ ಇಲ್ಲ.” ಅವರು ಪುಟ ತಿರುಗಿಸುತ್ತಿದ್ದರು, ಬೆರಳಿಗೆ ಜಾಗ ಗೊತ್ತಿತ್ತು. “ನಮ್ಮಲ್ಲಿ ಒಂದು ಬೀಜದ ಕುದುರೆ ಇತ್ತು. ಅಂಥದು ಆಮೇಲೆ ಬರಲಿಲ್ಲ. ಮನುಷ್ಯನಿಗೆ ಪೆಟ್ಟು ಮಾಡಿದ ಕುದುರೆ ಅಂತ ಪಶುವೈದ್ಯರ ಕಿವಿಗೆ ಬಿದ್ರೆ ಮಾರನೇ ದಿನ ಕಸಾಯಿ ಲಾರಿ ಬರ್ತಿತ್ತು, ಆಗಿನ ಕಾನೂನು ಹಂಗೆ. ಅದಕ್ಕೆ ಬಾಯಿ ಮುಚ್ಕೊಂಡೆ. ಮುಚ್ಚಿದ್ದು ಅಭ್ಯಾಸ ಆಗೋಯ್ತು. ಜನಕ್ಕೆ ಹೇಳದೇ ಇದ್ರೂ ನಡೆಯತ್ತೆ, ಪುಸ್ತಕಕ್ಕೆ ಹೇಳದೇ ಇರೋಕಾಗಲ್ಲವಲ್ಲ. ಅದಕ್ಕೆ ನನಗಾದದ್ದನ್ನ ಅಂಚಲ್ಲಿ ಪೆನ್ಸಿಲಲ್ಲಿ ಬರೆದೆ. ಪಶುವೈದ್ಯರು ಶಾಯಿ ಓದ್ತಿದ್ರು, ಪೆನ್ಸಿಲು ಓದ್ತಿರಲಿಲ್ಲ.”

ಶೆರಿಪ್ ಪುಸ್ತಕದ ಮೇಲೆ ಬಗ್ಗಿ, ಕಣ್ಣು ಕಿರಿದು ಮಾಡಿ, ಸೋತು ಪೆನ್ನು ತೆಗೆದ. “ಎಜೆ, ನೀವು ಓದಿ, ನಾನು ಬರ್ಕೋತೀನಿ. ಇಂಥ ಹಳೇ ಕಾಲದ ಸಣ್ಣ ಕೈಬರಹ ಓದೋಕೆ ನಮಗೆ ಯಾರೂ ಕಲಿಸಲಿಲ್ಲ.”

ಬುರುಲ್ ಓದಿದಳು. ಅಕ್ಷರಗಳು ಒಂದೇ ಸಮ, ನೆಟ್ಟಗೆ, ಸಾಲಿನಿಂದ ಒಂದು ಕೂದಲೆಳೆಯಷ್ಟೂ ಜಾರಿರಲಿಲ್ಲ. “ಸಾವಿರದ ಒಂಬೈನೂರ ಎಂಬತ್ತಾರು, ಏಪ್ರಿಲ್ ಒಂಬತ್ತು. ಬೀಜದ ಕುದುರೆ ಕೊಕ್‌ಜಲ್, ಬೂದು, ಆರು ವರ್ಷ. ಮೇಲಿನ ಹೊಳೆದಾಟಿನಲ್ಲಿ ಮಂಜುಗಡ್ಡೆ ಒಡೆದು ಮುಂಗಾಲು ಮಡಚಿತು. ಹೊಟ್ಟೆಪಟ್ಟಿ ಸಡಿಲವಿದ್ದುದರಿಂದ ಜೀನು ಮುಂದಕ್ಕೆ ಜಾರಿತು. ಸವಾರ ಮುಂಗೊಂಬಿಗೆ ಬಡಿದು ಕೂತ. ಬೀಳಲಿಲ್ಲ. ಕುದುರೆಗೆ ಗಾಯವಿಲ್ಲ. ತಪ್ಪು ಕುದುರೆಯದಲ್ಲ, ಹೊಟ್ಟೆಪಟ್ಟಿ ಬಿಗಿಯದ ಸವಾರನದು. ಸವಾರನ ಹೆಸರು…”

ಅವಳು ನಿಂತಳು. ಶೆರಿಪ್ ಪೆನ್ನು ಹಿಡಿದು ಕಾಯುತ್ತಿದ್ದ. ಹೆಸರಿನ ಮೇಲೆ ಇಡಲು ಕೈಯಲ್ಲಿ ಅಡಿಪಟ್ಟಿಯಿರಲಿಲ್ಲ. ಕೆಳಗೆ ಬೆಂಚಿನ ಮುದುಕರು ಯಾವುದೋ ಮಾತಿಗೆ ನಗುತ್ತಿದ್ದರು.

ಮಾವ ಮೊದಲ ಬಾರಿಗೆ ನೇರವಾಗಿ ಅವಳ ಕಡೆ ನೋಡಿದರು.

“ಓದು ಮಗಳೇ. ಅದು ಆ ಸವಾರನ ಹೆಸರು. ನಿನ್ನ ಮಾವಂದಲ್ಲ.”

“ಒಸ್ಮೊನಾಲಿಯ ಮಗ ತೆಮಿರ್‌ಕಾನ್,” ಎಂದು ಬುರುಲ್ ಓದಿದಳು. ಇಪ್ಪತ್ತೊಂದು ವರ್ಷ ನಾಲಿಗೆಯ ಕೆಳಗಿದ್ದ ಹೆಸರು ಸಲೀಸಾಗಿ ಬಂತು, ಎಷ್ಟೋ ಸಲ ಹೇಳಿ ಅಭ್ಯಾಸವಿದ್ದ ಹಾಗೆ. ಆಮೇಲೆ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದದ್ದನ್ನೂ ಓದಿದಳು. “ಸವಾರನಿಗೆ ಮೂರು ದಿನ ಮೂತ್ರದಲ್ಲಿ ರಕ್ತ. ನಾಲ್ಕನೆಯ ದಿನ ನಿಂತಿತು. ಯಾರಿಗೂ ಹೇಳಿಲ್ಲ.”

ಶೆರಿಪ್ ಎಲ್ಲ ಬರೆದುಕೊಂಡು ಕಡತವನ್ನು ಮುಂದೆ ಸರಿಸಿದ. ಮಾವ ಪ್ರತಿ ಸಾಲನ್ನೂ ಓದಿ, ಒಂದು ಕಡೆ ‘ಹೊಟ್ಟೆಪಟ್ಟಿ ಸಡಿಲವಿತ್ತು’ ಎಂಬುದು ಬಿಟ್ಟುಹೋಗಿದೆಯೆಂದು ತೋರಿಸಿ ಬರೆಸಿ, ಆಮೇಲೆ ಸಹಿ ಹಾಕಿದರು. ಶೆರಿಪ್ ಕರೆಪತ್ರದ ಮೇಲೆ ಅಡ್ಡಗೆರೆ ಎಳೆದ. ಬುರುಲ್ ಒಂದನ್ನು ಹೊಡೆದುಹಾಕಿ ಪಕ್ಕದಲ್ಲಿ ಸೊನ್ನೆ ಬರೆದು ತನ್ನ ಸಹಿ ಮಾಡಿದಳು. ಮಾವ ಪುಸ್ತಕವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ, ಎಡಗೈಯಿಂದ ಕೋಟು ಅದುಮಿ ಎದ್ದು, ಬಾಗಿಲಲ್ಲಿ ನಿಂತು ಡಾಕ್ಟರಿಗೆ, “ಮೇಲಿನ ಹಳ್ಳಿ ಮುದುಕರೂ ಇಂಥ ಜೀನಿನ ಮೇಲೇ ಕೂತೋರು. ಅವರನ್ನೂ ಹಿಂಗೇ ಕೇಳಿ. ಅವರೂ ಬಿದ್ದಿರಲ್ಲ,” ಎಂದರು.

ಅವರು ಗೇಟು ದಾಟುವವರೆಗೆ ಬುರುಲ್ ಕಿಟಕಿಯಲ್ಲಿ ನಿಂತು ನೋಡಿದಳು. ಆಮೇಲೆ ತನ್ನ ಕೋಣೆಗೆ ಇಳಿದು ಬಂದು ಬೀರುವಿನಿಂದ ಉಳಿದ ಹತ್ತು ಕಡತಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಅಡಿಪಟ್ಟಿಯನ್ನು ಖಾನೆಯೊಳಗೆ ಹಾಕಿ, ಮೊದಲನೆಯ ಕಡತದ ಹೆಸರನ್ನು, ಊರನ್ನು ಗಟ್ಟಿಯಾಗಿ ಓದಿಕೊಂಡಳು. ಮೇಲಿನ ಹಳ್ಳಿಗೆ ನಾಳೆ ಬೆಳಗ್ಗೆ ಏಳಕ್ಕೆ ಬಸ್ಸಿತ್ತು.